ನೆರಳಲ್ಲಿ ಕೂತವರು

ಹೋದ ಆಡಿ ತಿಂಗಳಲ್ಲಿ, ಆಷಾಢದ ಗಾಳಿಗಾಲದಲ್ಲಿ, ಗಣಿ ಸರ್ವೆಯ ಹುಡುಗಿಯೊಬ್ಬಳು ಅಪ್ಪನನ್ನು ಹುಡುಕಿಕೊಂಡು ಕೊಯಮತ್ತೂರಿನ ನಮ್ಮ ಮನೆಗೆ ಬಂದಳು. ಚಿತ್ರದುರ್ಗದ ಕಡೆಯವಳಂತೆ, ಭೂವಿಜ್ಞಾನ ಓದಿದವಳು. ಕಾಂಗೇಯಂ ಆಚೆಗಿನ ಒಂದು ಗುಡ್ಡದಲ್ಲಿ ಹಿಂದೆ ಸಣ್ಣದೊಂದು ಟಂಗ್‌ಸ್ಟನ್ ಗಣಿ ಇತ್ತು, ಅಲ್ಲಿ ಮೇಸ್ತ್ರಿಯಾಗಿದ್ದವರು ಇನ್ನೂ ಬದುಕಿದ್ದಾರೆ ಅಂತ ಯಾರೋ ಅವಳ ಕಿವಿಗೆ ಹಾಕಿದ್ದರು. ಈಗ ದೇಶಕ್ಕೆಲ್ಲ ಆ ಲೋಹದ ಹಸಿವು ಹುಟ್ಟಿದೆ. ಮುಚ್ಚಿಹೋದ ಗುಂಡಿಗಳನ್ನೆಲ್ಲ ಮತ್ತೆ ಕೆದಕಿ ನೋಡುತ್ತಿದ್ದಾರೆ. “ತಾತ, ನೀವು ಒಂದು ಸಲ ಬಂದು ಹಳೇ ಜಾಗ ತೋರಿಸಿದ್ರೆ ಸಾಕು” ಅಂದಳು. ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ನನಗೆ ಮಾತ್ರ, ಅವಳ ಕೈಗೆ ಕೊಟ್ಟ ಕಾಫಿ ಲೋಟವನ್ನು ಕಿತ್ತುಕೊಂಡು ಹೊರಗೆ ಕಳಿಸಬೇಕು ಅನ್ನಿಸಿತು.

ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಗಣಿಯಲ್ಲಿ ತಾವೊಂದು ಒಳ್ಳೆಯ ಕೆಲಸ ಮಾಡಿದ್ದಾಗಿ ಅಪ್ಪ ಜೀವಮಾನವೆಲ್ಲ ಹೇಳಿಕೊಂಡು ಬಂದಿದ್ದಾರೆ. ಆ ಒಳ್ಳೆಯ ಕೆಲಸವೇ ನನ್ನ ಅಮ್ಮನನ್ನು ಕೊಂದದ್ದು. ಇದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತ ಅಮ್ಮ ನನ್ನಿಂದ ಮಾತು ತಗೊಂಡು ಕಣ್ಣು ಮುಚ್ಚಿದಳು. ನಾನು ತಲೆ ನೆರೆಯುವ ತನಕ ಆ ಮಾತನ್ನು ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು ಬಂದೆ, ಉಗುಳುವುದಕ್ಕೂ ಆಗದೆ, ನುಂಗುವುದಕ್ಕೂ ಆಗದೆ. ಈಗ ನೋಡಿದರೆ ಜೀಪು ತಂದು, ಬನ್ನಿ ತಾತ, ಅಲ್ಲಿಗೇ ಹೋಗೋಣ ಅನ್ನುತ್ತಿದ್ದಾಳೆ ಈ ಮಹಾರಾಯಿತಿ.

ನಮ್ಮದು ನೇಕಾರರ ಮನೆತನ. ಕನ್ನಡ ಹೊಸ್ತಿಲ ಒಳಗೆ, ತಮಿಳು ಹೊಸ್ತಿಲ ಆಚೆ. ಹಾಗೆ ಎಷ್ಟು ತಲೆಮಾರು ಕಳೆದಿದೆಯೋ ಲೆಕ್ಕ ಇಟ್ಟವರಿಲ್ಲ. ಈ ಅಕ್ಷರಗಳನ್ನು ಕೂಡ ನಾನು ಕೆಲಸದಿಂದ ನಿವೃತ್ತಳಾದ ಮೇಲೆ ಕಲಿತದ್ದು. ಅಪ್ಪನಿಗೆ ಇವತ್ತಿಗೂ ಕನ್ನಡ ಓದಲು ಬರುವುದಿಲ್ಲ. ಇದನ್ನು ಬರೆಯಲು ಅದೂ ಒಂದು ಅನುಕೂಲವೇ.

ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಕೈಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದವು. ಚಿಕ್ಕಪ್ಪ, ಮಾವಂದಿರೆಲ್ಲ ಸೋಮನೂರಿಗೆ ಹೋಗಿ ಪವರ್‌ಲೂಮ್ ಸೇರಿಕೊಂಡರು. ಅಪ್ಪನಿಗೆ ಆ ಸದ್ದು ಕಂಡರೆ ಆಗದು. “ಅದು ನೇಯೋದಲ್ಲ, ಜಗಳ” ಅನ್ನುತ್ತಿದ್ದರು. ಅದೇ ಹೊತ್ತಿಗೆ ಗುಡ್ಡದ ಮೇಲೆ ಗಣಿ ತೆಗೆದ ಧಣಿ, ನಾವೆಲ್ಲ ಮುದಲಾಳಿ ಅನ್ನುತ್ತಿದ್ದವನು, ಮೇಸ್ತ್ರಿಯೊಬ್ಬನನ್ನು ಹುಡುಕುತ್ತಿದ್ದ. ಅವನಿಗೆ ಬೇಕಾದದ್ದು ಅಪ್ಪ ಮಾತ್ರ ಅಲ್ಲ, ಅಪ್ಪನ ಹಿಂದೆ ಬರುವ ಹೆಂಗಸರು. ಹರಿದ ನೂಲೆಳೆಯನ್ನು ಮಬ್ಬು ಬೆಳಕಲ್ಲೂ ಹುಡುಕಿ ಗಂಟು ಹಾಕುವ ಕಣ್ಣು, ಬೆರಳು ನಮ್ಮವರದು. ಬಿಳಿಯ ಕಲ್ಲಿನೊಳಗಿಂದ ಕರಿಯ ಚೂರು ಆರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಕೈ ಎಲ್ಲಿ ಸಿಗುತ್ತದೆ?

ಆ ಗುಡ್ಡದ ಕತೆ ನನಗೆ ಚೆನ್ನಾಗಿಯೇ ಗೊತ್ತು. ಬದುಕೆಲ್ಲ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು, ಅಮ್ಮ ಹೋದ ಮೇಲೆ ಹಟ ಹಿಡಿದು ಓದಿಕೊಂಡೆ. ನೆಲದ ಆಳದಲ್ಲಿ ಕರಗಿದ ಕಲ್ಲು ತಣ್ಣಗಾಗಿ ಗ್ರಾನೈಟ್ ಆಗುತ್ತಾ ಬರುವಾಗ, ಬೇರೆ ಬೇರೆ ಧಾತುಗಳು ಹರಳುಗಟ್ಟಿ ತಮ್ಮ ತಮ್ಮ ಜಾಗ ಹಿಡಿದುಬಿಡುತ್ತವೆ. ಯಾರೂ ಒಳಗೆ ಸೇರಿಸಿಕೊಳ್ಳದ ಕೆಲವು ಕೊನೆಗೆ ಉಳಿಯುತ್ತವೆ, ಅನ್ನ ಬಸಿದ ಮೇಲೆ ಗಂಜಿ ಉಳಿದ ಹಾಗೆ. ಟಂಗ್‌ಸ್ಟನ್ ಅಂಥದ್ದು. ಆ ಬಿಸಿ ದ್ರವ ಮೇಲಿನ ಹಳೆಯ ಬಂಡೆಗಳ ಬಿರುಕು ಹಿಡಿದು ಏರಿ, ಅಲ್ಲೇ ತಣಿದು ಗಟ್ಟಿಯಾಗುತ್ತದೆ. ಮುಕ್ಕಾಲು ಮೂರು ವೀಸ ಪಾಲು ಬೆಣಚುಕಲ್ಲು, ಹಾಲಿನಂತೆ ಬಿಳುಪು. ನಡುವೆ ಅಲ್ಲಲ್ಲಿ ಕಪ್ಪಗೆ ಮಿನುಗುವ ಅದಿರು. ಹಿಡಿಯಷ್ಟು ಎತ್ತಿದರೆ ಕಬ್ಬಿಣದ ತುಂಡು ಎತ್ತಿದ ಹಾಗೆ ಕೈ ಜಗ್ಗುತ್ತದೆ.

ನಮ್ಮ ಗುಡ್ಡದಲ್ಲಿ ಆ ಬಿಳಿ ಪಟ್ಟೆ ಕೆಲವು ಕಡೆ ಮೊಳದಗಲ, ಕೆಲವು ಕಡೆ ಸೀರೆಯ ಅಂಚಿನಷ್ಟೇ. ಗಂಡಸರು ಅದರ ಬೆನ್ನು ಹತ್ತಿ ಇಳಿಜಾರಾಗಿ ಗುಂಡಿ ತೋಡುತ್ತಿದ್ದರು. ಕೈಯಲ್ಲೇ ಸುತ್ತಿಗೆ ಹೊಡೆದು ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಬಂದ ಕಲ್ಲನ್ನು ಬುಟ್ಟಿಯಲ್ಲಿ ಮೇಲಕ್ಕೆ ತರುತ್ತಿದ್ದರು. ಬಯಲಲ್ಲಿ ಕೂತ ಹೆಂಗಸರು ದೊಡ್ಡ ಕಲ್ಲು ಒಡೆದು, ಕರಿ ಕಂಡ ತುಂಡುಗಳನ್ನು ಬೇರೆ ಮಾಡುತ್ತಿದ್ದರು. ಆ ತುಂಡುಗಳು ಶೆಡ್ಡಿನೊಳಗೆ ಹೋಗುತ್ತಿದ್ದವು. ಅಲ್ಲಿ ಇನ್ನು ಕೆಲವು ಹೆಂಗಸರು ಅವನ್ನು ಒರಳಿಗೆ ಹಾಕಿ ಕುಟ್ಟಿ, ಜರಡಿ ಹಿಡಿದು, ಮೊರದಲ್ಲಿ ಕೇರಿ, ಭಾರದ ಕರಿಯನ್ನು ಉಳಿಸಿಕೊಳ್ಳುತ್ತಿದ್ದರು. ನೀರಿಲ್ಲ. ಆ ಸೀಮೆಯಲ್ಲಿ ಕುಡಿಯೋಕೇ ಗತಿಯಿಲ್ಲ, ಕಲ್ಲು ತೊಳೆಯೋಕೆ ಎಲ್ಲಿಂದ ತರಲಿ ಅಂತ ಮುದಲಾಳಿ ಕೈ ಆಡಿಸಿಬಿಟ್ಟ. ಎಲ್ಲವೂ ಒಣಗಲ್ಲಿನ ಕೆಲಸ.

ಯಾರು ಬಯಲಲ್ಲಿ, ಯಾರು ಶೆಡ್ಡಿನಲ್ಲಿ ಅನ್ನುವುದು ಮೇಸ್ತ್ರಿಯ ಕೈಯಲ್ಲಿತ್ತು. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮವರು, ಕನ್ನಡ ಮಾತಾಡುವ ನೇಕಾರ ಮನೆಗಳ ಹೆಂಗಸರು, ನೆರಳಿಗೆ. ಗುಡ್ಡದ ಕೆಳಗಿನ ಕೇರಿಯಿಂದ ಬರುತ್ತಿದ್ದವರು ಬಿಸಿಲಿಗೆ. ಒಳಗೂ ಮೂಲೆಯಲ್ಲಿ ಒಂದು ಜಾಗ ಇತ್ತು, ಬಿಸಿಲಿನ ಒಂದು ಕೋಲೂ ಬೀಳದ್ದು. ಅದು ನನ್ನ ಅಮ್ಮನಿಗೆ. “ರಾಣಿ ಕೂತಂಗೆ ಕೂತಿದ್ಲು ನಿಮ್ಮಮ್ಮ” ಅಂತ ಅಪ್ಪ ಇತ್ತೀಚಿನ ತನಕ ಹೇಳುತ್ತಿದ್ದರು. ಜಾತಿ ಅನ್ನುವ ಪದವನ್ನು ಅಪ್ಪ ಬಾಯಿಬಿಟ್ಟು ಹೇಳಿದವರಲ್ಲ. “ನಮ್ಮೋರನ್ನ ನಾವು ನೋಡ್ಕೋಬೇಕಲ್ಲ?” ಅನ್ನುತ್ತಿದ್ದರು. ಅದು ಕೇಳಲು ಎಷ್ಟು ಚೆನ್ನಾಗಿದೆ ನೋಡಿ.

ಇಷ್ಟೇ ಆಗಿದ್ದರೂ ಬದುಕುತ್ತಿದ್ದರೇನೋ. ಶೆಡ್ಡಿಗೆ ಪಡುವಣ ಗೋಡೆಯಲ್ಲಿ ಸಾಲಾಗಿ ಕಿಟಕಿಗಳಿದ್ದವು, ಎದುರಿಗೆ ಬಾಗಿಲು. ಆಡಿ ಗಾಳಿಗೆ ಅರೆಯೋ ಅಮ್ಮಿಕಲ್ಲೂ ಹಾರುತ್ತೆ ಅನ್ನುವುದು ನಮ್ಮ ಕಡೆಯ ಮಾತು. ಪಾಲ್ಘಾಟಿನ ಕಣಿವೆಯಿಂದ ನುಗ್ಗುವ ಗಾಳಿಗೆ ಅಲ್ಲಿಂದ ಕಾಂಗೇಯಂ ತನಕ ಅಡ್ಡ ಬರುವುದು ಏನೂ ಇಲ್ಲ. ಈಗ ಅದೇ ಗಾಳಿಗೆ ಕಾಡುಮೇಡೆಲ್ಲ ಫ್ಯಾನು ನೆಟ್ಟು ಕರೆಂಟು ತೆಗೆಯುತ್ತಾರೆ. ಆದರೆ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಗಾಳಿ ಅಂದರೆ ಶತ್ರು. ಗಾಳಿ ಬಿದ್ದರೆ ಹಾಸಿನ ನೂಲು ಒಣಗುತ್ತದೆ, ಒಣಗಿದ ಎಳೆ ಪಟಪಟ ಹರಿಯುತ್ತದೆ. ಆಡಿಗೆ ಮುಂಚಿನ ಆನಿ ತಿಂಗಳು ಹುಟ್ಟುತ್ತಲೇ ನಮ್ಮ ಮನೆಗಳಲ್ಲಿ ಮಗ್ಗದ ಕೋಣೆಯ ಕಿಟಕಿಗೆ ಗೋಣಿ ಬಿಗಿಯುವುದು, ನೆಲಕ್ಕೆ ನೀರು ಚಿಮುಕಿಸುವುದು ಹಬ್ಬದಷ್ಟೇ ಖಾಯಂ. ಅಪ್ಪ ಶೆಡ್ಡಿಗೆ ಕಾಲಿಟ್ಟವರೇ ಆ ಕಿಟಕಿ ಸಾಲು ನೋಡಿ, “ಯಾವ ಮುಟ್ಟಾಳ ಕಟ್ಟಿದ್ದು ಇದನ್ನ?” ಅಂದರಂತೆ. ಮಾರನೆಯ ದಿನವೇ ಕಲ್ಲು, ಮಣ್ಣು ಕಲೆಸಿ ಅಷ್ಟೂ ಕಿಟಕಿ ಮುಚ್ಚಿದರು. ಬಾಗಿಲಿಗೆ ಗೋಣಿಯ ಪರದೆ ಬಿಟ್ಟರು. ಮಗ್ಗದ ಮನೆಯ ಬುದ್ಧಿಯಲ್ಲಿ ಗಾಳಿ ಮುಚ್ಚುವುದು ಬಂತು, ನೀರು ಚಿಮುಕಿಸುವುದು ಬರಲಿಲ್ಲ. ಒದ್ದೆಯಾದರೆ ಪುಡಿ ಜರಡಿಗೆ ಅಂಟುತ್ತದಲ್ಲ!

ಎಲ್ಲರೂ ಹೊಗಳಿದರು. ಪುಡಿ ಹಾರಿಹೋಗುವುದು ನಿಂತಿತು ಅಂತ ಮುದಲಾಳಿ ಅಪ್ಪನಿಗೆ ಉಡಲು ಹೊಸ ವೇಷ್ಟಿ ಕೊಡಿಸಿದ. ಅವನು ಶೆಡ್ಡಿನ ಒಳಗೆ ಬರುವಾಗ ಮೂಗಿಗೆ ಟವಲು ಸುತ್ತಿಕೊಂಡು ಬರುತ್ತಿದ್ದ, ಅದು ನನಗೆ ಚೆನ್ನಾಗಿ ನೆನಪಿದೆ. ರಜೆಯ ದಿನಗಳಲ್ಲಿ ಅಮ್ಮನಿಗೆ ಊಟ ತಗೊಂಡು ಹೋಗುತ್ತಿದ್ದ ನನಗೆ ಅವನು ಏನೋ ನಾಜೂಕಿನ ಮನುಷ್ಯ ಅನ್ನಿಸುತ್ತಿತ್ತು. ಹಾಳಾಗಿ ಹೋಗ, ಅವನಿಗೆ ಗೊತ್ತಿತ್ತು. ಗೋಣಿ ಸರಿಸಿ ಒಳಗೆ ನೋಡಿದರೆ ಅಮ್ಮನ ಮುಖ, ರೆಪ್ಪೆ, ತುರುಬು ಎಲ್ಲ ಬೆಳ್ಳಗೆ. “ಹಿಟ್ಟಿನ ಗಿರಣಿಯಿಂದ ಬಂದಂಗೆ ಇದ್ದೀನಾ ಕಣ್ಣು?” ಅಂತ ನಗುತ್ತಿದ್ದಳು. ಅವಳು ಮುದ್ದಿಗೆ ನನ್ನನ್ನು ಕರೆಯುತ್ತಿದ್ದದ್ದೇ ಕಣ್ಣು ಅಂತ. ನಾನೂ ನಗುತ್ತಿದ್ದೆ.

ಗಣಿ ಬಹಳ ಕಾಲ ನಡೆಯಲಿಲ್ಲ. ಆಳಕ್ಕೆ ಹೋದಂತೆ ಬಿಳಿ ಪಟ್ಟೆ ಸಣ್ಣಗಾಯಿತು, ಕರಿ ಇನ್ನೂ ಸಣ್ಣಗಾಯಿತು, ಕೊನೆಗೆ ಗುಂಡಿಯೊಳಗೆ ನೀರು ಬಂತು. ಕುಡಿಯೋಕೆ ಗತಿಯಿಲ್ಲ ಅಂದ ಜಾಗದಲ್ಲೇ! ಹೊರದೇಶದ ಅದಿರು ಅಗ್ಗವಾಗಿ ಸಿಗುತ್ತೆ ಅಂತ ಹೇಳಿ ಮುದಲಾಳಿ ಬಾಗಿಲು ಹಾಕಿಕೊಂಡು ಹೋದ. ನಾವು ಕೊಯಮತ್ತೂರಿಗೆ ಬಂದೆವು. ಅಪ್ಪ ಜವಳಿ ಅಂಗಡಿ ಸೇರಿದರು, ನಾನು ಓದಿದೆ, ಅಮ್ಮ ಕೆಮ್ಮತೊಡಗಿದಳು.

ಮೊದಮೊದಲು ಕ್ಷಯ ಅಂದರು. ವರ್ಷಗಟ್ಟಲೆ ಆ ಮಾತ್ರೆ ನುಂಗಿದಳು, ಒಂದಿಷ್ಟೂ ಇಳಿಯಲಿಲ್ಲ. ಅಷ್ಟರಲ್ಲಿ ಊರಿಂದ ಒಂದೊಂದೇ ಸುದ್ದಿ ಬರುತ್ತಿತ್ತು. ಶೆಡ್ಡಿನಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದ ಅತ್ತೆ ಹೋದಳು. ಜರಡಿ ಹಿಡಿಯುತ್ತಿದ್ದ ದೊಡ್ಡಮ್ಮ ಹೋದಳು. ಎಲ್ಲರಿಗೂ ಅದೇ ಕೆಮ್ಮು, ಅದೇ ಏದುಸಿರು. “ಒಂದೇ ತಟ್ಟೇಲಿ ತಿಂತಿದ್ರಲ್ಲ, ಒಬ್ಬರಿಂದ ಒಬ್ಬರಿಗೆ ಅಂಟ್ಕೊಂಡಿದೆ” ಅಂತ ಅಪ್ಪ ಕಾರಣ ಹೇಳುತ್ತಿದ್ದರು. ಗುಂಡಿಯ ಬಾಯಲ್ಲಿ, ಬಯಲು ಗಾಳಿಯಲ್ಲಿ ನಿಂತು ದಿನ ಕಳೆದ ಅಪ್ಪನ ಎದೆ ಮಾತ್ರ ಗುಂಡುಕಲ್ಲಿನಂತಿತ್ತು.

ಕೊನೆಗೆ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ಡಾಕ್ಟರೊಬ್ಬರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಈಯಮ್ಮ ಕಲ್ಲಿನ ಕೆಲಸ ಮಾಡಿದ್ರಾ?” ಅಂತ ತಮಿಳಿನಲ್ಲಿ ಕೇಳಿದರು. ಅಪ್ಪ ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಶೆಡ್ಡಿನ ಕತೆ ಹೇಳಿದೆ. “ಕಿಟಕಿ ಇರಲಿಲ್ವಾ?” ಅಂದರು. ಇತ್ತು, ಮುಚ್ಚಿದ್ದರು ಅಂದೆ. ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು, ಅದು ಕ್ಷಯ ಅಲ್ಲ, ಬಿಳಿ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತುಬಿಟ್ಟಿದೆ, ಇನ್ನು ತೆಗೆಯಲು ಬರುವುದಿಲ್ಲ, ಗಾಳಿಯಾಡುವ ಜಾಗವಾಗಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂದರು. ಬೆಲೆಯಿದ್ದ ಕರಿ ಲಾರಿ ಹತ್ತಿ ಹೋಯಿತು. ಬೆಲೆಯಿಲ್ಲದ ಬಿಳಿ ನಮ್ಮ ಹೆಂಗಸರ ಎದೆಯಲ್ಲಿ ಉಳಿಯಿತು.

ಪಕ್ಕದ ಮಂಚದಲ್ಲಿ ಮಲಗಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈ ಹಿಡಿದು, “ಅವರಿಗೆ ಹೇಳ್ಬೇಡ ಕಣ್ಣು” ಅಂದಳು. “ನನ್ನ ನೆಳಲಲ್ಲಿ ಕೂರಿಸಿದ್ದೆ ಅಂತ ಎಷ್ಟು ಖುಷಿ ಅವರಿಗೆ. ಆಣೆ ಮಾಡು.” ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂತು. ನಿನಗೇನು ಬುದ್ಧಿ ಕೆಟ್ಟಿದೆಯಾ ಅಂತ ಬೈದೆ. ಅವಳು ಕೈ ಬಿಡಲಿಲ್ಲ. ಆಣೆ ಮಾಡಿದೆ. ಆ ಆಡಿ ಮುಗಿಯುವುದರೊಳಗೆ ಮನೆಯಲ್ಲೇ ತೀರಿಕೊಂಡಳು.

ಆಮೇಲಿನದು ನನ್ನ ಪಾಡು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಯಾರಾದರೂ ಸಿಕ್ಕಿದರೆ ಸಾಕು, ಅಪ್ಪ ಶುರು ಹಚ್ಚುತ್ತಿದ್ದರು: ಗಣಿ, ಶೆಡ್ಡು, ತಾವು ಮುಚ್ಚಿದ ಕಿಟಕಿ, ಮೂಲೆಯ ರಾಣಿ. ಎಷ್ಟು ಸಲ ನಾಲಿಗೆಯ ತುದಿಗೆ ಬಂದಿದೆಯೋ! ಎದುರು ನಿಂತು ಹೇಳಿಬಿಡಬೇಕು, ಈ ಮುಖದ ಮೇಲಿನ ಹೆಮ್ಮೆ ಇಳಿಯುವುದನ್ನು ಒಮ್ಮೆ ನೋಡಬೇಕು ಅಂತ ನನಗೆ ಆಸೆಯಾಗುತ್ತಿತ್ತು. ಹೌದು, ಆಸೆಯೇ. ಹೆತ್ತ ಅಪ್ಪನ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ನಮ್ಮ ಮನೆಯಲ್ಲಿ ಒಂದು ಆಡಿ ಕಳೆದು ನೋಡಲಿ.

ಗುಡ್ಡಕ್ಕೆ ಹೊರಡುವ ಮೊದಲೇ ಸರ್ವೆ ಹುಡುಗಿಯನ್ನು ಗೇಟಿನ ಹತ್ತಿರ ನಿಲ್ಲಿಸಿ ಎಲ್ಲ ಹೇಳಿದೆ. “ಅಲ್ಲಿ ಶೆಡ್ ನೋಡಿ ಏನಾದ್ರೂ ಬಾಯಿ ಬಿಟ್ಟರೆ ಚೆನ್ನಾಗಿರಲ್ಲ” ಅಂದೆ. ಅವಳ ಮುಖ ಸಣ್ಣಗಾಯಿತು. “ಇಲ್ಲ ಆಂಟಿ, ನಾನು ಕಲ್ಲಿನ ವಿಷಯ ಬಿಟ್ಟು ಬೇರೆ ಮಾತಾಡಲ್ಲ” ಅಂದಳು. ಪಾಪ, ಅವಳ ತಪ್ಪೇನಿತ್ತು? ಆದರೂ ದಾರಿಯುದ್ದಕ್ಕೂ ಅವಳ ಕತ್ತಿನ ಹಿಂಭಾಗವನ್ನೇ ಗುರಾಯಿಸಿಕೊಂಡು ಕೂತಿದ್ದೆ.

ಅಪ್ಪನನ್ನು ಗುಡ್ಡದ ಮೇಲೆ ಹೊತ್ತೊಯ್ಯಲು ಸರ್ವೆಯ ಆಳುಗಳು ಕುರ್ಚಿ ತಂದಿದ್ದರು. ಬೇಡ ಅಂದು ಕೋಲು ಊರಿಕೊಂಡೇ ಹತ್ತಿದರು. ಗುಂಡಿಯ ಬಾಯಿ ಮುಳ್ಳುಪೊದೆಯಲ್ಲಿ ಮುಚ್ಚಿಹೋಗಿತ್ತು. ಅಪ್ಪ ಅದನ್ನು ತೋರಿಸಿದರು, ಪಟ್ಟೆ ಯಾವ ದಿಕ್ಕಿಗೆ ಹೋಗುತ್ತಿತ್ತು, ಎಲ್ಲಿ ಸಣ್ಣಗಾಯಿತು ಅಂತ ಕೋಲಿನಲ್ಲಿ ನೆಲದ ಮೇಲೆ ಗೀಚಿ ತೋರಿಸಿದರು. ಹುಡುಗಿ ಬಿದ್ದಿದ್ದ ಬಿಳಿ ಕಲ್ಲೊಂದನ್ನು ಒಡೆದು, ಕಪ್ಪು ಬಟ್ಟೆ ಮುಸುಕು ಹಾಕಿಕೊಂಡು ತನ್ನ ನೇರಳಾತೀತ ದೀಪದ ಬೆಳಕಲ್ಲಿ ನೋಡಿದಳು. ನನ್ನನ್ನೂ ಮುಸುಕಿನೊಳಗೆ ಕರೆದಳು. ಬಿಳಿಯೊಳಗೆ ಅಡಗಿದ್ದ ಇನ್ನೊಂದು ಬಗೆಯ ಟಂಗ್‌ಸ್ಟನ್ ಅದಿರು ನೀಲಿಯಾಗಿ ಹೊಳೆಯುತ್ತಿತ್ತು. ಚೆಂದ ಇತ್ತು. ಚೆಂದ ಇದ್ದದ್ದಕ್ಕೇ ನನಗೆ ರೇಗಿತು.

ಶೆಡ್ಡಿನ ಸೂರು ಹೋಗಿತ್ತು, ಗೋಡೆ ಹಾಗೇ ನಿಂತಿತ್ತು. ಅಪ್ಪ ಮುಚ್ಚಿದ್ದ ಕಿಟಕಿಗಳಲ್ಲಿ ಒಂದು ಕಲ್ಲೂ ಜಾರಿರಲಿಲ್ಲ. “ಈ ಜನ್ನಲೆಲ್ಲ ಮುಚ್ಚಿದ್ದು ನಾನೇ ಕಣಮ್ಮ. ಒಂದಿಷ್ಟು ಗಾಳಿ ಒಳಗೆ ಬರ್ತಿರಲಿಲ್ಲ” ಅಂತ ಗೋಡೆ ತಟ್ಟಿದರು. ಹುಡುಗಿ ನೆಲ ನೋಡಿಕೊಂಡು, “ಗಟ್ಟಿ ಕೆಲಸ ತಾತ” ಅಂದಳು. ಸದ್ಯ, ಗಂಡಾಂತರ ಕಳೆಯಿತು ಅಂತ ನಾನು ಉಸಿರು ಬಿಟ್ಟೆ.

ಆಗ ಕೆಳಗಿನಿಂದ ಕುರಿ ಹೊಡೆದುಕೊಂಡು ಒಬ್ಬ ಮುದುಕಿ ಮೇಲೆ ಬಂದಳು. ಎಷ್ಟು ಸಲೀಸಾಗಿ ಹತ್ತಿದಳು ಅಂದರೆ, ಹತ್ತಿರ ಬರುವ ತನಕ ಅವಳಿಗೆ ಅಷ್ಟು ವಯಸ್ಸಾಗಿದೆ ಅಂತಲೇ ತಿಳಿಯಲಿಲ್ಲ. ಅಪ್ಪನನ್ನು ದಿಟ್ಟಿಸಿ, “ಸೌಕ್ಯಮುಂಗಳಾ ಮೇಸ್ತ್ರೀ?” ಅಂತ ಕ್ಷೇಮ ವಿಚಾರಿಸಿದಳು. ಬಯಲಲ್ಲಿ ಕಲ್ಲೊಡೆಯುತ್ತಿದ್ದವರಲ್ಲಿ ಒಬ್ಬಳು. ಅಪ್ಪನಿಗೆ ಗುರುತು ಹತ್ತಿತು, ಖುಷಿಯಾಯಿತು. ಮಾತೆಲ್ಲ ತಮಿಳಿನಲ್ಲೇ ನಡೆಯಿತು.

“ಮನೆಯಮ್ಮ ಹೇಗಿದ್ದಾರೆ?” ಅಂತ ಕೇಳಿದಳು.

“ಹೋಗಿ ಬಹಳ ಕಾಲ ಆಯ್ತು. ಕೆಮ್ಮು” ಅಂದರು ಅಪ್ಪ.

“ಅಯ್ಯೋ ಸಾಮಿ! ಆ ಜರಡಿಯಮ್ಮ?”

“ಅವಳೂ ಹೋದಳು.”

“ಉಳಿದವರು?”

“ಒಳಗಿದ್ದವರು ಯಾರೂ ಇಲ್ಲ” ಅಂದರು. ಆಮೇಲೆ, ಮರ್ಯಾದೆಗೆ ಕೇಳುವ ಹಾಗೆ, “ನಿಮ್ಮ ಕಡೆಯವರು ಯಾರು ಯಾರು ಇದ್ದೀರಿ?” ಅಂತ ಕೇಳಿದರು.

ಅವಳು ಬೆರಳು ಮಡಚಿ ಹೇಳತೊಡಗಿದಳು. ಅವಳ ಅಕ್ಕ ಇದ್ದಾಳೆ, ಕಣ್ಣು ಕಾಣುವುದಿಲ್ಲ ಅಷ್ಟೆ. ನಾದಿನಿ ಮಗನ ಜೊತೆ ತಿರುಪ್ಪೂರಿನಲ್ಲಿದ್ದಾಳೆ. ಒಬ್ಬಳು ಹಾವು ಕಚ್ಚಿ ಸತ್ತಳು, ಇನ್ನೊಬ್ಬಳು ಮೊನ್ನೆ ಮೊನ್ನೆ, ಮರಿಮಗನ ಕಿವಿ ಚುಚ್ಚಿಸಿ, ಊಟ ಮಾಡಿ ಮಲಗಿದವಳು ಏಳಲಿಲ್ಲ.

ಅಪ್ಪ ನಗುವುದನ್ನು ನಿಲ್ಲಿಸಿದ್ದರು. “ಕೆಮ್ಮು ಯಾರಿಗೂ ಬರಲಿಲ್ವಾ?” ಅಂದರು.

ಮುದುಕಿಗೆ ಹಳೆಯ ಸಿಟ್ಟು ಒಳಗೇ ಇತ್ತು ಅಂತ ಕಾಣುತ್ತದೆ. “ನಮಗೆ ಯಾಕೆ ಬರುತ್ತೆ ಮೇಸ್ತ್ರಿ?” ಅಂದಳು. “ನೆರಳು ನಿಮ್ಮವರಿಗೆ, ಬಿಸಿಲು ಗಾಳಿ ನಮಗೆ ಅಂತ ನೀವೇ ತಾನೇ ಹಂಚಿದ್ದು? ಮಳೆ ಬಂದಾಗಲೂ ಒಳಗೆ ಬಿಡಲಿಲ್ಲ. ಆ ಪುಡಿ ತಿನ್ನೋ ಭಾಗ್ಯ ನಮಗೆಲ್ಲಿತ್ತು?” ಅಷ್ಟು ಹೇಳಿ ಕುರಿಗಳ ಹಿಂದೆ ಹೋಗಿಬಿಟ್ಟಳು.

ಗುರಿಯಿಟ್ಟು ಹೊಡೆದಳೋ, ಬಾಯಿಗೆ ಬಂದದ್ದು ಆಡಿದಳೋ ನನಗೆ ತಿಳಿಯದು. ಅಪ್ಪ ಮಾತ್ರ ಅಲ್ಲೇ ನಿಂತಿದ್ದರು. ಗಾಳಿ ಅವರ ವೇಷ್ಟಿಯನ್ನು ಕಾಲಿಗೆ ಸುತ್ತುತ್ತಿತ್ತು. ಕಿಟಕಿಯ ಕಲ್ಲುಗಳನ್ನು ನೋಡಿದರು, ಸೂರಿಲ್ಲದ ಶೆಡ್ಡಿನ ಮೂಲೆ ನೋಡಿದರು, ಆಮೇಲೆ ಕುರ್ಚಿ ತರಲು ಹೇಳಿದರು. ಇಳಿಯುವಾಗ ಅವರನ್ನು ಹೊತ್ತುಕೊಂಡೇ ಬರಬೇಕಾಯಿತು.

ನಾನು ಎಷ್ಟೋ ವರ್ಷ ನೋಡಬೇಕು ಅಂತಿದ್ದ ಮುಖ ಅದೇ. ಜೀಪಿನಲ್ಲಿ ಪಕ್ಕದಲ್ಲೇ ಕೂತಿತ್ತು. ನೋಡಲಾಗಲಿಲ್ಲ. ಪಲ್ಲಡಂನಲ್ಲಿ ಹುಡುಗಿ ಟೀಗೆ ನಿಲ್ಲಿಸಿದಳು. ಅಪ್ಪ ಇಳಿಯಲಿಲ್ಲ. ನಾವಿಬ್ಬರೇ ಉಳಿದೆವು.

“ನಿನಗೆ ಗೊತ್ತಿತ್ತಾ?” ಅಂದರು.

“ಹೂಂ.”

“ಯಾವಾಗಿಂದ?”

“ಆ ಡಾಕ್ಟರು ಹೇಳಿದ್ರು. ನೀವು ಔಷಧಿಗೆ ಹೋಗಿದ್ರಿ.”

ಮುಂದೆ ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು.

“ನಿಮ್ಮಮ್ಮಗೆ?”

“ಇಲ್ಲ” ಅಂದೆ. “ಅಮ್ಮ ನಿದ್ದೆಲಿದ್ಲು. ಅವಳಿಗೆ ಗೊತ್ತಿಲ್ಲ.” ಇಷ್ಟು ವರ್ಷ ಅವಳಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ, ಇದೊಂದು ಸುಳ್ಳು ಹೆಚ್ಚಾಗಲಿಲ್ಲ.

ಅಪ್ಪ ತಲೆ ಅಲ್ಲಾಡಿಸಿದರು. “ಸುಳ್ಳು ಹೇಳ್ಬೇಡ. ಅವಳಿಗೆ ಗೊತ್ತಿತ್ತು” ಅಂದರು. “ಕೊನೇ ದಿನ, ಮನೇಲಿ. ಉಸಿರು ಕಟ್ತಿದೆ, ಆ ಜನ್ನಲು ಒಸಿ ತೆಗೀರಿ ಅಂದ್ಲು. ತೆಗೆದೆ. ಗಾಳಿ ರೊಯ್ಯಂತ ನುಗ್ತು. ಅಯ್ಯೋ, ಆಡಿ ಗಾಳಿ, ನಿನಗಾಗಲ್ಲ ಅಂತ ನಾನೇ ಎದ್ದೋಗಿ ಮುಚ್ಚಿಬಿಟ್ಟೆ. ಅವಳು ನನ್ನೇ ನೋಡ್ತಿದ್ಲು. ಏನಾದ್ರೂ ಹೇಳ್ತಾಳೆ ಅಂದ್ಕೊಂಡೆ. ‘ಸರಿ, ಮುಚ್ಚಿ’ ಅಂದ್ಲು.”

ಆ ಹೊತ್ತಿನಲ್ಲಿ ನಾನು ಅವಳಿಗೆ ಗಂಜಿ ಕಾಯಿಸಲು ಅಡುಗೆಮನೆಗೆ ಹೋಗಿದ್ದೆ. ಈ ಮಾತು ನನಗೆ ಗೊತ್ತಿರಲಿಲ್ಲ.